ಚೀಸ್‌ಸ್ಟೇಕ್‌ಗೆ ಏನು ಸೇರಬೇಕು, ಏನು ಬೇಡ

ಅಮೆರಿಕದ ಫಿಲಡೆಲ್ಫಿಯಾ ನಗರದ ದಕ್ಷಿಣ ಭಾಗದಲ್ಲಿ ಒಂದು ಮೂಲೆ ಇದೆ. 9ನೇ ಬೀದಿ, ವಾರ್ಟನ್ ಬೀದಿ, ಪ್ಯಾಶಂಕ್ ಅವೆನ್ಯೂ ಮೂರೂ ಅಲ್ಲಿ ಸೇರುತ್ತವೆ. ಎದುರುಬದುರು ಎರಡು ಅಂಗಡಿಗಳು, ಪ್ಯಾಟ್ಸ್ ಮತ್ತು ಜೀನೋಸ್. ಎರಡೂ ಮಾರುವುದು ಚೀಸ್‌ಸ್ಟೇಕ್, ಅಂದರೆ ತೆಳ್ಳಗೆ ಸೀಳಿ ಬೇಯಿಸಿದ ದನದ ಮಾಂಸ ಮತ್ತು ಚೀಸ್ ತುಂಬಿದ ಉದ್ದನೆಯ ಸ್ಯಾಂಡ್‌ವಿಚ್. ಕಿಟಕಿ ಮುಂದೆ ನಿಂತ ಗಿರಾಕಿ ಹೇಳುವುದು ಎರಡೇ ಪದ: ‘ವಿಜ್ ವಿತ್’. ದುಡ್ಡು ಕೊಟ್ಟು, ಕಾಗದ ಸುತ್ತಿದ ಸ್ಯಾಂಡ್‌ವಿಚ್ ತೆಗೆದುಕೊಂಡು ಪಕ್ಕಕ್ಕೆ ಸರಿಯುತ್ತಾರೆ.

ವಿಜ್ ಅಂದರೆ ಚೀಜ್ ವಿಜ್ ಎನ್ನುವ ಡಬ್ಬಿ ಚೀಸ್. ವಿತ್ ಅಂದರೆ ಈರುಳ್ಳಿ ಹಾಕಿ ಅಂತ. ಈರುಳ್ಳಿ ಬೇಡವಾದರೆ ‘ವಿತೌಟ್’. ಹೀಗೆ ಹೇಳಬೇಕು ಅಂತ ಪ್ಯಾಟ್ಸ್‌ನಲ್ಲಿ ಬೋರ್ಡೇ ಇದೆ. ತಪ್ಪಿದರೆ ಗಾಬರಿ ಬೇಡ, ಸಾಲಿನ ಕೊನೆಗೆ ಹೋಗಿ ಮತ್ತೆ ಬನ್ನಿ ಅನ್ನುತ್ತದೆ ಆ ಬೋರ್ಡು.

ಗಮನಿಸಿ, ಕಿಟಕಿಯಲ್ಲಿ ಕೇಳುವ ಪ್ರಶ್ನೆಗಳು ಎರಡೇ. ಯಾವ ಚೀಸ್? ಈರುಳ್ಳಿ ಬೇಕಾ? ಕೆಚಪ್, ಮೇಯೊನೇಸ್, ಕ್ಯಾಪ್ಸಿಕಂ, ಅಣಬೆ, ಟೊಮೆಟೊ, ಮೆಣಸಿನಕಾಯಿ, ಇವ್ಯಾವುದೂ ಆ ಎರಡು ಪ್ರಶ್ನೆಗಳಲ್ಲಿ ಇಲ್ಲ. ಆದರೆ ಜನ ಗಂಟೆಗಟ್ಟಲೆ ವಾದ ಮಾಡುವುದು ಇವುಗಳ ಬಗ್ಗೆಯೇ. ಕೆಚಪ್ ಹಾಕಿದವನು ಫಿಲಡೆಲ್ಫಿಯಾದವನೇ ಅಲ್ಲ ಅನ್ನುವವರಿದ್ದಾರೆ. ಕೆಚಪ್ ಇಲ್ಲದೆ ತಿನ್ನುವುದೇ ಇಲ್ಲ ಅನ್ನುವ ಫಿಲಡೆಲ್ಫಿಯಾದವರೂ ಇದ್ದಾರೆ.

ಬರೀ ರುಚಿಯ ವಾದ ಅಂತ ನೋಡಿದರೆ ಇದು ಬಗೆಹರಿಯುವುದಿಲ್ಲ. ನಾನು ಇದನ್ನು ಬೇರೆ ಥರ ನೋಡುತ್ತೇನೆ. ಸೇರಿಸುವ ವಸ್ತು ಕಾವಲಿಯ ಮೇಲೆ ಬೀಳುತ್ತದೋ, ಆಮೇಲೆ ಬ್ರೆಡ್ಡಿನೊಳಗೆ ಸೇರುತ್ತದೋ? ಅದು ತರುವುದು ನೀರನ್ನೋ, ಕೊಬ್ಬನ್ನೋ, ಹುಳಿಯನ್ನೋ? ಇಷ್ಟು ಕೇಳಿಕೊಂಡರೆ ಅರ್ಧ ಜಗಳ ತಾನಾಗಿ ಬಿಡಿಸಿಕೊಳ್ಳುತ್ತದೆ.

ಮೊದಲು ಈ ಸ್ಯಾಂಡ್‌ವಿಚ್ ಹೇಗಾಗುತ್ತದೆ ನೋಡೋಣ. ದನದ ಪಕ್ಕೆಲುಬಿನ ಹತ್ತಿರದ, ಕೊಬ್ಬಿನ ಎಳೆಗಳಿರುವ ರಿಬ್‌ಐ ಮಾಂಸವನ್ನು ತೀರಾ ತೆಳ್ಳಗೆ ಸೀಳುತ್ತಾರೆ. ನಮ್ಮ ಹೋಟೆಲಿನ ದೋಸೆ ಕಾವಲಿಯಂಥದ್ದೇ ದೊಡ್ಡ ಚಪ್ಪಟೆ ಕಾವಲಿ. ಅದರ ಮೇಲೆ ಮಾಂಸ ಹಾಕಿದರೆ ಕೆಲವೇ ನಿಮಿಷಗಳಲ್ಲಿ ಬೇಯುತ್ತದೆ. ಕೆಲವರು ಸಟ್ಟುಗದಿಂದ ಪುಡಿಪುಡಿಯಾಗಿ ಕೊಚ್ಚುತ್ತಾರೆ. ರಾಕ್ಸ್‌ಬರೊ ಬಡಾವಣೆಯ ಡಲೆಸಾಂಡ್ರೋಸ್‌ನಲ್ಲಿ ಹಾಗೆ ಮಾಡುತ್ತಾರೆ. ಜೀನೋಸ್‌ನವರು ಕೊಚ್ಚುವುದಿಲ್ಲ, ಹಾಳೆಯಾಗೇ ಬಿಡುತ್ತಾರೆ. ಬೆಂದ ಮಾಂಸ ಚೀಸ್ ಜೊತೆ ಸುಮಾರು ಒಂದು ಗೇಣುದ್ದದ ಇಟಾಲಿಯನ್ ಬ್ರೆಡ್ ರೋಲಿನೊಳಗೆ ಸೇರುತ್ತದೆ.

ಇಲ್ಲಿ ಬ್ರೆಡ್ಡೇ ಪಾತ್ರೆ. ಮಾಂಸದ ರಸ, ಕರಗಿದ ಕೊಬ್ಬು, ಚೀಸ್ ಎಲ್ಲವನ್ನೂ ಅದೇ ಹಿಡಿದುಕೊಳ್ಳಬೇಕು. ಅದಕ್ಕೊಂದು ಮಿತಿ ಇದೆ. ಮಿತಿ ದಾಟಿದರೆ ಅಡಿ ಒದ್ದೆಯಾಗಿ ಹರಿದುಹೋಗುತ್ತದೆ. ಹೊಸದಾಗಿ ಏನೇ ಸೇರಿಸಿದರೂ ಈ ಮಿತಿಯೊಳಗೇ ಜಾಗ ಹುಡುಕಬೇಕು.

ಶುರುವಿನಲ್ಲಿ ಈ ಸ್ಯಾಂಡ್‌ವಿಚ್ಚಿನಲ್ಲಿ ಚೀಸೇ ಇರಲಿಲ್ಲ. 1930ರಲ್ಲಿ ಪ್ಯಾಟ್ ಒಲಿವಿಯೇರಿ ಮತ್ತು ಹ್ಯಾರಿ ಒಲಿವಿಯೇರಿ ಎಂಬ ಅಣ್ಣತಮ್ಮಂದಿರು ಇದೇ ಮೂಲೆಯಲ್ಲಿ ಹಾಟ್‌ಡಾಗ್ ಗಾಡಿ ಇಟ್ಟುಕೊಂಡಿದ್ದರು. ಒಂದು ದಿನ ಊಟಕ್ಕೆಂದು ಮಾಂಸದ ಚೂರುಗಳನ್ನು ಈರುಳ್ಳಿ ಜೊತೆ ಹುರಿದು ಬ್ರೆಡ್ಡಿಗೆ ಹಾಕಿಕೊಂಡರು. ವಾಸನೆ ಹಿಡಿದು ಬಂದ ಟ್ಯಾಕ್ಸಿ ಡ್ರೈವರ್ ನನಗೂ ಅದೇ ಬೇಕು ಅಂದ. ಅಂಗಡಿಯವರು ಹೇಳಿಕೊಂಡು ಬಂದ ಕತೆ ಇದು. ಚೀಸ್ ಬಂದದ್ದು 1940ರ ದಶಕದಲ್ಲಿ. ಪ್ಯಾಟ್ಸ್‌ನ ಇನ್ನೊಂದು ಶಾಖೆಯ ಮ್ಯಾನೇಜರ್ ಜೋ ಲೊರೆಂಜಾ ಮೊದಲು ಹಾಕಿದರು ಅನ್ನುತ್ತಾರೆ. ಆ ಮೊದಲ ಚೀಸ್ ಪ್ರೊವೊಲೋನೆ ಎಂಬ ಇಟಾಲಿಯನ್ ಚೀಸ್. ಅಂದರೆ ಈರುಳ್ಳಿ ಚೀಸ್‌ಗಿಂತ ಹಿರಿದು! ಕಿಟಕಿಯಲ್ಲಿ ಇವತ್ತಿಗೂ ಈರುಳ್ಳಿಯ ಪ್ರಶ್ನೆ ಕೇಳುವುದು ಸುಮ್ನೆ ಅಲ್ಲ.

ಈಗ ಚೀಸ್ ವಿಷಯಕ್ಕೆ ಬರೋಣ. ಇದರ ಮೇಲೆ ಸ್ವಲ್ಪ ಜಾಸ್ತಿ ಹೊತ್ತು ಕೂರಬೇಕು. ಯಾಕೆಂದರೆ ಮೇಲೆ ಏನು ಹಾಕಬಹುದು ಅನ್ನುವುದನ್ನು ಬಹಳ ಮಟ್ಟಿಗೆ ತೀರ್ಮಾನಿಸುವುದು ಚೀಸೇ.

ಚೀಸ್ ಅಂದರೆ ಹಾಲಿನ ಪ್ರೋಟೀನಿನ ಒಂದು ಬಲೆ. ಆ ಬಲೆಯ ಗಂಟುಗಳನ್ನು ಬಿಗಿಯುವುದು ಕ್ಯಾಲ್ಸಿಯಂ. ಬಲೆಯೊಳಗೆ ಕೊಬ್ಬಿನ ಸಣ್ಣ ಸಣ್ಣ ಹನಿಗಳು, ನೀರು ಸಿಕ್ಕಿಕೊಂಡಿರುತ್ತವೆ. ಬಿಸಿ ಜಾಸ್ತಿಯಾದರೆ ಪ್ರೋಟೀನು ಮುದುಡಿಕೊಂಡು ಗಂಟಾಗುತ್ತದೆ, ಕೊಬ್ಬು ಹೊರಗೆ ಜಾರಿ ಎಣ್ಣೆಯಾಗಿ ನಿಲ್ಲುತ್ತದೆ. ಚೆನ್ನಾಗಿ ಹಳೆಯದಾದ ಚೀಸನ್ನು ಬಾಣಲೆಯಲ್ಲಿ ಕರಗಿಸಿ ನೋಡಿ, ಒಂದು ಕಡೆ ಎಣ್ಣೆ, ಒಂದು ಕಡೆ ರಬ್ಬರಿನಂಥ ಉಂಡೆ ಕಾಣುತ್ತದೆ.

ಅಮೆರಿಕನ್ ಚೀಸ್ ಮತ್ತು ವಿಜ್ ಹಾಗೆ ಒಡೆಯುವುದಿಲ್ಲ. ಇವು ಪ್ರೊಸೆಸ್ಡ್ ಚೀಸ್‌ಗಳು. ಚೀಸನ್ನು ಕರಗಿಸುವಾಗ ಸೋಡಿಯಂ ಸಿಟ್ರೇಟ್ ಅಥವಾ ಸೋಡಿಯಂ ಫಾಸ್ಫೇಟ್‌ನಂಥ ಲವಣ ಸೇರಿಸುತ್ತಾರೆ. ಆ ಲವಣ ಕ್ಯಾಲ್ಸಿಯಂ ಅನ್ನು ಬಲೆಯಿಂದ ಕಿತ್ತುಕೊಳ್ಳುತ್ತದೆ. ಗಂಟು ಸಡಿಲವಾಗುತ್ತದೆ. ಬಿಡುಗಡೆಯಾದ ಪ್ರೋಟೀನು ಕೊಬ್ಬಿನ ಹನಿಗಳ ಸುತ್ತ ಹೊದಿಕೆಯಂತೆ ನಿಂತು, ಅವು ಒಂದಕ್ಕೊಂದು ಸೇರಿ ಎಣ್ಣೆಯಾಗದಂತೆ ತಡೆಯುತ್ತದೆ. ಅದಕ್ಕೇ ಇದು ಕರಗಿದರೂ ಒಂದೇ ಸಮ, ಸಾರಿನಂತೆ ನೀರಾಗುವುದಿಲ್ಲ, ಎಣ್ಣೆ ಬಿಡುವುದಿಲ್ಲ. ನಮ್ಮ ಕಡೆ ಸಿಗುವ ಚೀಸ್ ಸ್ಲೈಸಿನ ಪೊಟ್ಟಣದ ಹಿಂಭಾಗ ಓದಿ ನೋಡಿ. 331 ಅಂತ ಇದ್ದರೆ ಅದು ಸಿಟ್ರೇಟ್, 339 ಅಂತ ಇದ್ದರೆ ಫಾಸ್ಫೇಟ್.

ಈ ಗುಣ ಚೀಸ್‌ಸ್ಟೇಕ್‌ಗೆ ಯಾಕೆ ಮುಖ್ಯ? ಮಾಂಸದಲ್ಲೇ ಬೇಕಾದಷ್ಟು ಕೊಬ್ಬು ಕರಗಿ ಹರಿಯುತ್ತಿರುತ್ತದೆ. ಎಣ್ಣೆ ಬಿಡುವ ಚೀಸ್ ಅದಕ್ಕೆ ಇನ್ನಷ್ಟು ಸೇರಿಸುತ್ತದೆ. ಪ್ರೊಸೆಸ್ಡ್ ಚೀಸ್ ಹಾಗಲ್ಲ, ಮಾಂಸದ ಚೂರುಗಳ ನಡುವೆ ಗಟ್ಟಿ ಗೊಜ್ಜಿನಂತೆ ನಿಂತು ಎಲ್ಲವನ್ನೂ ಹಿಡಿದಿಡುತ್ತದೆ. ಪೌಷ್ಟಿಕಾಂಶದ ಮಾತು ಬೇರೆ. ಕರಗುವ ವಿದ್ಯೆಯಲ್ಲಿ ಇದನ್ನು ಕೀಳು ಅನ್ನುವುದು ಸರಿಯಲ್ಲ.

ಕ್ರಾಫ್ಟ್ ಕಂಪನಿ ಚೀಜ್ ವಿಜ್ ತಂದದ್ದು 1950ರ ದಶಕದ ಆರಂಭದಲ್ಲಿ. ಅಂಗಡಿಯವರಿಗೆ ಅದು ತುಂಬ ಅನುಕೂಲ. ಬಿಸಿ ಮಾಡಿಟ್ಟು ಸೌಟಿನಿಂದ ಸವರಿದರೆ ಆಯಿತು. ಕರಗುವ ತನಕ ಕಾಯಬೇಕಿಲ್ಲ, ಸಾಲು ಬೇಗ ಸಾಗುತ್ತದೆ. ಉಪ್ಪು ಜಾಸ್ತಿ, ಖಾರ ಇಲ್ಲ, ಸ್ವಲ್ಪ ಹುಳಿ. ಊರಿಗೆ ಬಂದ ಪ್ರವಾಸಿಗಳು ಇದನ್ನೇ ಅಸಲಿ ಅಂದುಕೊಳ್ಳುತ್ತಾರೆ. ಸ್ಥಳೀಯರಲ್ಲಿ ಬಹಳ ಮಂದಿ ಅಮೆರಿಕನ್ ಚೀಸ್ ಕೇಳುತ್ತಾರೆ. ಅದರಲ್ಲೂ ಕೂಪರ್ ಶಾರ್ಪ್ ಎಂಬ ಸ್ವಲ್ಪ ಚುರುಕು ರುಚಿಯದ್ದು ಈಗ ಅಲ್ಲಿ ತುಂಬ ಇಷ್ಟ. ನನಗೂ ಅದೇ ಸರಿ ಅನ್ನಿಸುತ್ತದೆ. ವಿಜ್‌ನಷ್ಟೇ ನಯವಾಗಿ ಕರಗುತ್ತದೆ, ಆದರೆ ಹಾಲಿನ ರುಚಿ ಉಳಿದಿರುತ್ತದೆ.

ಪ್ರೊವೊಲೋನೆಯಲ್ಲಿ ಎರಡು ಬಗೆ. ಎಳೆಯದು ಸಪ್ಪೆ ಅನ್ನುವಷ್ಟು ಮೃದು. ಹಳೆಯದಾದದ್ದು ಘಾಟು, ನಾಲಿಗೆ ಚುರ್ ಅನ್ನುತ್ತದೆ. ಜಾನ್ಸ್ ರೋಸ್ಟ್ ಪೋರ್ಕ್ ಎಂಬ ಅಂಗಡಿ ಈ ಘಾಟಿನ ಪ್ರೊವೊಲೋನೆಗೆ ಹೆಸರುವಾಸಿ. ಪ್ಯಾಟ್ಸ್ ಹುಟ್ಟಿದ 1930ರಲ್ಲೇ ಹುಟ್ಟಿದ ಅಂಗಡಿ ಅದು, 2006ರಲ್ಲಿ ಅಮೆರಿಕದ ಅಡುಗೆ ಲೋಕದ ದೊಡ್ಡ ಗೌರವವಾದ ಜೇಮ್ಸ್ ಬಿಯರ್ಡ್ ಪ್ರಶಸ್ತಿಯೂ ಬಂತು. ಅಲ್ಲಿನ ರೋಲಿನ ಮೇಲೆ ಎಳ್ಳು ಇರುತ್ತದೆ, ಹೊರಮೈ ಗಟ್ಟಿ. ಚೀಸ್ ಬಿಡುವ ಎಣ್ಣೆಯನ್ನು ಅಂಥ ಬ್ರೆಡ್ ತಡೆದುಕೊಳ್ಳುತ್ತದೆ. ಮೆತ್ತನೆಯ ರೋಲಿಗೆ ಅದೇ ಚೀಸ್ ಹಾಕಿದರೆ ಅಷ್ಟು ಚೆನ್ನಾಗಿ ಬರುವುದಿಲ್ಲ. ಯಾವ ಚೀಸ್ ಅನ್ನುವ ಪ್ರಶ್ನೆಯ ಬೆನ್ನಿಗೇ ಯಾವ ಬ್ರೆಡ್ ಅನ್ನುವ ಪ್ರಶ್ನೆಯೂ ಬರುತ್ತದೆ, ಅಲ್ವಾ?

2003ರಲ್ಲಿ ಅಧ್ಯಕ್ಷ ಸ್ಥಾನಕ್ಕೆ ಟಿಕೆಟ್ ಬಯಸಿದ್ದ ಜಾನ್ ಕೆರ್ರಿ ಪ್ಯಾಟ್ಸ್‌ಗೆ ಬಂದು ಸ್ವಿಸ್ ಚೀಸ್ ಕೇಳಿದರು. ಪತ್ರಿಕೆಗಳು ಬಿಡಲಿಲ್ಲ, ಇವರಿಗೆ ಸಾಮಾನ್ಯ ಜನರ ಬದುಕೇ ಗೊತ್ತಿಲ್ಲ ಎಂಬಂತೆ ಬರೆದವು. ಮರುವರ್ಷ ಅವರು ಚುನಾವಣೆ ಸೋತರೂ ಫಿಲಡೆಲ್ಫಿಯಾ ಇರುವ ಪೆನ್ಸಿಲ್ವೇನಿಯಾ ರಾಜ್ಯವನ್ನು ಗೆದ್ದರು. ಅಡುಗೆಯ ದೃಷ್ಟಿಯಿಂದ ನೋಡಿದರೆ ಸ್ವಿಸ್ ಚೀಸ್‌ನ ತೊಂದರೆ ಇಷ್ಟೇ: ಕರಗಿದಾಗ ದಾರದಂತೆ ಎಳೆಯುತ್ತದೆ, ಚೂರುಗಳ ನಡುವೆ ಹರಡುವುದಿಲ್ಲ. ಅದರ ಬಾದಾಮಿಯಂಥ ಸಿಹಿ ಈರುಳ್ಳಿಯ ಸಿಹಿಯ ಜೊತೆ ಸೇರಿ ಎಲ್ಲವೂ ಸಿಹಿ ಕಡೆಗೇ ವಾಲುತ್ತದೆ. ಅದಕ್ಕಾಗಿ ಒಬ್ಬ ಮನುಷ್ಯನನ್ನು ಅಷ್ಟು ಆಡಿಕೊಳ್ಳಬೇಕಿರಲಿಲ್ಲ.

ಈರುಳ್ಳಿಗೂ ಕ್ಯಾಪ್ಸಿಕಂಗೂ ಏನು ವ್ಯತ್ಯಾಸ? ಇದು ಅಸಲಿ ಜಗಳ. ಫಿಲಡೆಲ್ಫಿಯಾದ ಹೊರಗೆ ‘ಫಿಲಿ ಚೀಸ್‌ಸ್ಟೇಕ್’ ಅಂತ ಮಾರುವ ಕಡೆಯೆಲ್ಲ ಹಸಿರು ಕ್ಯಾಪ್ಸಿಕಂ ಇದ್ದೇ ಇರುತ್ತದೆ. ಫಿಲಡೆಲ್ಫಿಯಾದವರು ಅದನ್ನು ಕಂಡ ಕೂಡಲೇ ಇದು ಹೊರಗಿನದು ಅನ್ನುತ್ತಾರೆ. ಎರಡೂ ತರಕಾರಿಯೇ, ಎರಡರಲ್ಲೂ ನೀರೇ ಜಾಸ್ತಿ. ಈರುಳ್ಳಿಯಲ್ಲಿ ನೂರಕ್ಕೆ ಸುಮಾರು 89 ಪಾಲು ನೀರು, ಹಸಿರು ಕ್ಯಾಪ್ಸಿಕಂನಲ್ಲಿ 93ರ ಆಸುಪಾಸು. ಹಾಗಾದರೆ ಒಂದಕ್ಕೆ ಯಾಕೆ ಮಣೆ, ಇನ್ನೊಂದಕ್ಕೆ ಯಾಕೆ ಬಾಗಿಲು?

ಈರುಳ್ಳಿಯನ್ನು ಕಾವಲಿಯ ಒಂದು ಪಕ್ಕದಲ್ಲಿ ಮೊದಲೇ ನಿಧಾನವಾಗಿ ಬೇಯಲು ಬಿಟ್ಟಿರುತ್ತಾರೆ. ಮಾಂಸದ ಜೊತೆ ಸೇರುವ ಹೊತ್ತಿಗೆ ಅದರ ನೀರು ಬಹುಪಾಲು ಆರಿಹೋಗಿರುತ್ತದೆ. ಕಣ್ಣೀರು ತರಿಸುವ ಗಂಧಕದ ಘಾಟು ಕಾವಿಗೆ ಮುರಿದು, ಒಳಗಿದ್ದ ಸಕ್ಕರೆ ನಾಲಿಗೆಗೆ ಸಿಗುತ್ತದೆ. ಮಾಂಸದ ಕೊಬ್ಬನ್ನು ಹೀರಿಕೊಂಡು ಅದರದ್ದೇ ರುಚಿಯಾಗಿಬಿಡುತ್ತದೆ. ಬ್ರೆಡ್ಡಿಗೆ ಹೊಸ ನೀರು ತರುವುದಿಲ್ಲ.

ಕ್ಯಾಪ್ಸಿಕಂ ಬಹಳ ಕಡೆ ಕೊನೆ ಗಳಿಗೆಯಲ್ಲಿ ಮಾಂಸದ ಜೊತೆಗೇ ಬೀಳುತ್ತದೆ. ಅದರ ನೀರು ಕಾವಲಿ ಮೇಲೆ ಹರಿದರೆ ಮಾಂಸ ಹುರಿಯುವುದು ನಿಂತು ಬೇಯುವುದು ಶುರುವಾಗುತ್ತದೆ. ಮಾಂಸ ಕಂದುಬಣ್ಣಕ್ಕೆ ತಿರುಗಿ ಆ ಘಮ ಬರಬೇಕಾದರೆ ಮೇಲ್ಮೈ ಸುಮಾರು 140 ಡಿಗ್ರಿ ಸೆಲ್ಸಿಯಸ್ ದಾಟಬೇಕು. ನೀರು ಇರುವ ತನಕ ಅದು 100ರ ಹತ್ತಿರವೇ ನಿಂತುಬಿಡುತ್ತದೆ. ಇನ್ನೊಂದು ಕಾರಣ ವಾಸನೆ. ಹಸಿರು ಕ್ಯಾಪ್ಸಿಕಂ ಅಂದರೆ ಹಣ್ಣಾಗದ ಕಾಯಿ. ಅದರ ಹಸಿ ವಾಸನೆಗೆ ಕಾರಣ ಪೈರಜೀನ್ ಗುಂಪಿನ ಒಂದು ರಾಸಾಯನಿಕ. ನೀರಿನಲ್ಲಿ ಒಂದು ಲಕ್ಷ ಕೋಟಿ ಪಾಲಿಗೆ ಎರಡು ಪಾಲು ಇದ್ದರೂ ನಮ್ಮ ಮೂಗು ಅದನ್ನು ಹಿಡಿಯುತ್ತದೆ. ಹೀಗಾಗಿ ನಾಲ್ಕು ತುಂಡು ಹಾಕಿದರೂ ಸ್ಯಾಂಡ್‌ವಿಚ್ ಪೂರ್ತಿ ಅದೇ ವಾಸನೆ.

ನನ್ನ ತೀರ್ಪು ಕೇಳಿದರೆ, ಕ್ಯಾಪ್ಸಿಕಂ ತಪ್ಪಲ್ಲ, ಆತುರ ತಪ್ಪು. ಕೆಂಪು ಕ್ಯಾಪ್ಸಿಕಂ ತೆಗೆದುಕೊಂಡು ಈರುಳ್ಳಿಗೆ ಕೊಟ್ಟಷ್ಟೇ ಹೊತ್ತು ಕೊಟ್ಟು, ಸಿಪ್ಪೆ ಸುಕ್ಕಾಗುವ ತನಕ ಹುರಿದರೆ ಅದು ಚೆನ್ನಾಗಿಯೇ ಇರುತ್ತದೆ. ಅಣಬೆಗೂ ಇದೇ ಮಾತು. ನೀರು ಬಿಟ್ಟು, ಆ ನೀರು ಪೂರ್ತಿ ಆರಿ, ಅಂಚು ಕಂದಾದ ಮೇಲೆ ಸೇರಿಸಿ. ಫಿಲಡೆಲ್ಫಿಯಾದ ಎಷ್ಟೋ ಅಂಗಡಿಗಳಲ್ಲಿ ಅಣಬೆ ಕೊಡುತ್ತಾರೆ, ಯಾರೂ ಕಣ್ಣು ಕೆಂಪು ಮಾಡುವುದಿಲ್ಲ.

ಖಾರದ ಮೆಣಸಿನಕಾಯಿಗೆ ಅಲ್ಲಿ ಒಳ್ಳೆಯ ಗೌರವ ಇದೆ. ‘ಲಾಂಗ್ ಹಾಟ್ಸ್’ ಅನ್ನುವುದು ಉದ್ದನೆಯ ಹಸಿರು ಮೆಣಸಿನಕಾಯಿ, ನೋಡಲು ನಮ್ಮ ಬಜ್ಜಿ ಮೆಣಸಿನಕಾಯಿಯ ನೆಂಟನಂತೆ ಇರುತ್ತದೆ. ಎಣ್ಣೆಯಲ್ಲಿ ಬಾಡಿಸಿ ಇಡಿಯಾಗಿ ಹಾಕುತ್ತಾರೆ. ಒಂದು ಸಪ್ಪೆ ಇದ್ದರೆ ಮುಂದಿನದು ಬೆಂಕಿ. ಇನ್ನೊಂದು, ವಿನೆಗರ್‌ನಲ್ಲಿ ನೆನೆಸಿಟ್ಟ ಗುಂಡು ಚೆರ್ರಿ ಮೆಣಸಿನಕಾಯಿ. ಇದು ಹುಳಿ, ಖಾರ ಎರಡೂ ತರುತ್ತದೆ. ಮಾಂಸ, ಚೀಸ್, ಬ್ರೆಡ್ ಮೂರರಲ್ಲೂ ಅಷ್ಟಾಗಿ ಇಲ್ಲದ ರುಚಿ ಹುಳಿ. ನಾಲ್ಕು ತುತ್ತು ಆದ ಮೇಲೆ ಕೊಬ್ಬು ಬಾಯಿಗೆ ಅಂಟಿಕೊಂಡಂತಾಗುತ್ತದಲ್ಲ, ಆಗ ಹುಳಿಯೇ ನಾಲಿಗೆಯನ್ನು ಮತ್ತೆ ಎಬ್ಬಿಸುವುದು.

ಕೆಚಪ್ ಪರ ಇರುವವರ ವಾದದಲ್ಲೂ ತಿರುಳು ಇರುವುದು ಇಲ್ಲೇ. ಅವರಿಗೆ ಬೇಕಾಗಿರುವುದು ಹುಳಿ. ಕೆಚಪ್‌ನಲ್ಲಿ ವಿನೆಗರ್ ಇದೆ, ಟೊಮೆಟೊದ ಹುಳಿ ಇದೆ, ಮಾಂಸದ ರುಚಿಯನ್ನು ಎತ್ತಿ ಕೊಡುವ ಗ್ಲುಟಮೇಟ್ ಇದೆ. ಆದರೆ ತೂಕದಲ್ಲಿ ಕಾಲು ಪಾಲಿನಷ್ಟು ಸಕ್ಕರೆಯೂ ಇದೆ. ಈರುಳ್ಳಿ ಹಾಕಿದ ಸ್ಯಾಂಡ್‌ವಿಚ್ಚಿನಲ್ಲಿ ಸಿಹಿ ಆಗಲೇ ಕೂತಿರುತ್ತದೆ, ಕೆಚಪ್ ಇನ್ನೊಂದು ಪದರ ಸಿಹಿ ತರುತ್ತದೆ. ಹಾಗಾಗಿ ನಾನು ಹೀಗೆ ಹೇಳುತ್ತೇನೆ: ಈರುಳ್ಳಿ ಬೇಡ ಅಂದವರು ಕೆಚಪ್ ಹಾಕಿಕೊಳ್ಳಲಿ, ಅವರಿಗೆ ಅದು ಈರುಳ್ಳಿಯ ಕೆಲಸವನ್ನೂ ಮಾಡುತ್ತದೆ. ಈರುಳ್ಳಿ ಇದ್ದವರಿಗೆ ಮೆಣಸಿನಕಾಯಿಯ ಹುಳಿ ಮೇಲು. ವಿಜ್ ಮೇಲೆ ಕೆಚಪ್ ಮಾತ್ರ ನನಗೆ ಒಪ್ಪುವುದಿಲ್ಲ. ಉಪ್ಪೂ ಜಾಸ್ತಿ, ಸಿಹಿಯೂ ಜಾಸ್ತಿ, ಮಾಂಸ ಎಲ್ಲಿಯೋ ಕಳೆದುಹೋಗುತ್ತದೆ.

ಕೆಚಪ್ ಹಾಕಿದರೆ ಊರಿನವನಲ್ಲ ಅನ್ನುವ ಮಾತನ್ನು ಮಾತ್ರ ನಂಬಬೇಡಿ. ಪಶ್ಚಿಮ ಫಿಲಡೆಲ್ಫಿಯಾದಲ್ಲಿ ಉಪ್ಪು, ಕಾಳುಮೆಣಸು, ಕೆಚಪ್ ಮೂರನ್ನೂ ಒಂದೇ ಉಸಿರಿನಲ್ಲಿ ಹೇಳಿ ಆರ್ಡರ್ ಕೊಡುವ ಪದ್ಧತಿ ಇದೆ. ಮೇಯೊನೇಸ್ ಕೇಳುವವರೂ ಅಲ್ಲಿ ತುಂಬ. ದಕ್ಷಿಣದ ಇಟಾಲಿಯನ್ ಬಡಾವಣೆಯ ಪದ್ಧತಿಯೇ ಇಡೀ ಊರಿನ ಪದ್ಧತಿ ಅಂತ ಹೊರಗಿನವರು ತಿಳಿದಿದ್ದಾರೆ, ಪ್ಯಾಟ್ಸ್ ಮತ್ತು ಜೀನೋಸ್ ಅಷ್ಟು ಪ್ರಸಿದ್ಧವಾದ್ದರಿಂದ. ಬೀದಿ ಬದಲಾದರೆ ನಿಯಮವೂ ಬದಲಾಗುತ್ತದೆ.

ಮೇಯೊನೇಸ್ ಬಗ್ಗೆ ಜನರಿಗೆ ಅನುಮಾನ ಜಾಸ್ತಿ. ಕೊಬ್ಬಿನ ಮೇಲೆ ಕೊಬ್ಬು ಯಾಕೆ ಅಂತ. ಒಂದು ಉಪಯೋಗ ಇದೆ. ಅದನ್ನು ಮಾಂಸದ ಮೇಲೆ ಹಾಕದೆ ಬ್ರೆಡ್ಡಿನ ಒಳಮೈಗೆ ತೆಳ್ಳಗೆ ಸವರಿದರೆ, ಅದರ ಎಣ್ಣೆ ರಸ ಇಳಿಯುವುದನ್ನು ನಿಧಾನ ಮಾಡುತ್ತದೆ. ಕಾಯುತ್ತಿರುವ ಮಾಂಸದ ಮೇಲೆ ಹಾಕಿದರೆ ಅದೇ ಮೇಯೊನೇಸ್ ಬಿಸಿಗೆ ಒಡೆದು ಬರೀ ಎಣ್ಣೆಯಾಗುತ್ತದೆ. ಮೊಟ್ಟೆಯ ಹಳದಿ ಎಣ್ಣೆಯನ್ನೂ ನೀರನ್ನೂ ಹಿಡಿದಿಟ್ಟಿದ್ದು ಅಷ್ಟು ಕಾವನ್ನು ತಡೆಯುವುದಿಲ್ಲ.

ಹಸಿ ಲೆಟ್ಯೂಸ್, ಟೊಮೆಟೊ, ಹಸಿ ಈರುಳ್ಳಿ ಹಾಕಿದರೆ ಅದಕ್ಕೆ ‘ಚೀಸ್‌ಸ್ಟೇಕ್ ಹೋಗೀ’ ಅಂತ ಬೇರೆಯೇ ಹೆಸರು. ಟೊಮೆಟೊ ಸಾಸ್, ಮೊಝರೆಲ್ಲಾ ಹಾಕಿದರೆ ‘ಪಿಜ್ಜಾ ಸ್ಟೇಕ್’. ಇವು ಚೀಸ್‌ಸ್ಟೇಕ್ ಅಲ್ಲ ಅಂತ ಜಗಳ ಆಡಬೇಕಿಲ್ಲ. ಹೆಸರೇ ಬೇರೆ ಇಟ್ಟು ಆ ಊರು ಈ ಜಗಳವನ್ನು ಹಿಂದೆಯೇ ಮುಗಿಸಿದೆ.

ದನದ ಮಾಂಸ ತಿನ್ನದ ನಮ್ಮವರು ಆ ಊರಿಗೆ ಹೋದರೆ ಚಿಕನ್ ಚೀಸ್‌ಸ್ಟೇಕ್ ಬಹಳ ಕಡೆ ಸಿಗುತ್ತದೆ. ಅದಕ್ಕೆ ನಿಯಮ ಸ್ವಲ್ಪ ಬದಲಾಗುತ್ತದೆ. ಕೋಳಿಯ ಎದೆಮಾಂಸದಲ್ಲಿ ಕೊಬ್ಬು ಕಡಿಮೆ, ಹಾಗಾಗಿ ಬೀಫ್‌ಗೆ ಬೇಡವೆನಿಸುವ ಮೇಯೊನೇಸ್ ಇಲ್ಲಿ ಬೇಕೆನಿಸುತ್ತದೆ. ಖಾರದ ಸಾಸ್ ಕೂಡ ಚೆನ್ನಾಗಿ ಹೊಂದುತ್ತದೆ. ಗೋಧಿಯ ಪ್ರೋಟೀನಿನಿಂದ ಮಾಡುವ ಸೈಟಾನ್ ಹಾಕಿದ, ಪೂರ್ತಿ ಸಸ್ಯಾಹಾರಿ ಚೀಸ್‌ಸ್ಟೇಕ್ ಕೊಡುವ ಅಂಗಡಿಗಳೂ ಅಲ್ಲಿವೆ. ಆದರೆ ಒಂದು ಎಚ್ಚರಿಕೆ. ಎಲ್ಲ ಬಗೆಯನ್ನೂ ಮಾಡುವ ಅಂಗಡಿಯಲ್ಲಿ ಕಾವಲಿ ಒಂದೇ ಇರಬಹುದು. ಪ್ರೊವೊಲೋನೆಯಂಥ ಚೀಸ್‌ಗೆ ಹಾಲನ್ನು ಗಟ್ಟಿಯಾಗಿಸಲು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಬಳಸಿರಬಹುದು. ಕಟ್ಟುನಿಟ್ಟಾಗಿ ಪಾಲಿಸುವವರು ಎರಡನ್ನೂ ಕೇಳಿಯೇ ಆರ್ಡರ್ ಕೊಡಬೇಕು.

ಮನೆಯಲ್ಲಿ ಮಾಡುವವರಿಗೆ ಕ್ರಮ ಹೇಳುತ್ತೇನೆ. ಈರುಳ್ಳಿಯನ್ನು ಮೊದಲೇ, ಸಣ್ಣ ಉರಿಯಲ್ಲಿ, ಮೆತ್ತಗಾಗುವ ತನಕ ಬೇಯಿಸಿ ಪಕ್ಕಕ್ಕಿಡಿ. ಕಾವಲಿ ಚೆನ್ನಾಗಿ ಕಾದ ಮೇಲೆ ಮಾಂಸವನ್ನು ಸ್ವಲ್ಪ ಸ್ವಲ್ಪವೇ ಹಾಕಿ, ಒಟ್ಟಿಗೆ ಸುರಿದರೆ ನೀರು ನಿಲ್ಲುತ್ತದೆ. ಉಪ್ಪನ್ನು ಕೊನೆಗೆ ಹಾಕಿ, ಚೀಸ್‌ನಲ್ಲೂ ಉಪ್ಪಿದೆ ಅನ್ನುವುದು ನೆನಪಿರಲಿ. ಚೀಸ್ ಹಾಳೆಗಳನ್ನು ಮಾಂಸದ ಮೇಲೆ ಹರಡಿ, ಅದರ ಮೇಲೆ ಸೀಳಿದ ಬ್ರೆಡ್ಡನ್ನು ಬೋರಲು ಮುಚ್ಚಿ. ಏಳುವ ಹಬೆಗೆ ಬ್ರೆಡ್ ಮೆತ್ತಗಾಗುತ್ತದೆ, ಚೀಸ್ ಕರಗುತ್ತದೆ. ಆಮೇಲೆ ಸಟ್ಟುಗವನ್ನು ಅಡಿಗೆ ತೂರಿಸಿ ಒಂದೇ ಸಲಕ್ಕೆ ತಿರುಗಿಸಿ. ಮೆಣಸಿನಕಾಯಿ ಹಾಕುವುದಿದ್ದರೆ ವಿನೆಗರ್ ಒತ್ತಿ ಹಿಂಡಿ ಹಾಕಿ.

ಬೆಣ್ಣೆ ಕಾಗದದಲ್ಲಿ ಬಿಗಿಯಾಗಿ ಸುತ್ತಿ ಎರಡು ನಿಮಿಷ ಬಿಡಿ. ಅಂಗಡಿಗಳಲ್ಲಿ ಸುತ್ತಿ ಕೊಡುವುದು ಕಟ್ಟಿಕೊಂಡು ಹೋಗುವ ಅನುಕೂಲಕ್ಕೆ ಮಾತ್ರ ಅಲ್ಲ. ಆ ಎರಡು ನಿಮಿಷದಲ್ಲಿ ಚೀಸ್ ಮಾಂಸದ ಸಂದುಗಳಿಗೆ ಇಳಿದು ಬ್ರೆಡ್ಡಿಗೆ ಅಂಟಿಕೊಳ್ಳುತ್ತದೆ. ತಿನ್ನುವಾಗ ನಿಂತುಕೊಂಡು, ಸೊಂಟದಿಂದ ಮುಂದಕ್ಕೆ ಬಾಗಿ. ರಸ ಬಟ್ಟೆ ಮೇಲೆ ಬೀಳದೆ ನೆಲಕ್ಕೆ ಬೀಳುತ್ತದೆ. ಫಿಲಡೆಲ್ಫಿಯಾದವರು ಹಾಗೆಯೇ ತಿನ್ನುತ್ತಾರೆ.